ಮಗುವಿನ ಪಾಠ ಯಾರ ಪಾಠ?

ಮಗುವನ್ನು ಶಾಲೆಗೆ ಸೇರಿಸಿ, ಪುಸ್ತಕ, ಚೀಲ, ಕೊಡೆ ತೆಗೆದುಕೊಟ್ಟರೆ ತಮ್ಮ ಹೊಣೆ ಮುಗಿಯಿತೆಂದು ಭಾವಿಸಿದ್ದ ಹೆತ್ತವರ ತಲೆಮಾರೊಂದಿತ್ತು. ಇಂದು ಸ್ಥಿತಿ ಬದಲಾಗಿದೆ. ಮಗು ಒಂದನೇ ತರಗತಿಗೆ ಹೋಗತೊಡಗಿದರೆ ಇಡೀ ಮನೆಯೇ ಒಂದನೇ ತರಗತಿಯಾಗಿ ಬಿಡುತ್ತದೆ. ಮಗ್ರಿಬ್ ನಮಾಝ್ ಮುಗಿದೊಡನೆ ತಾಯಿ ಡೈರಿ ಬಿಡಿಸುತ್ತಾಳೆ, ತಂದೆ ಪೆನ್ಸಿಲ್ ಚೂಪು ಮಾಡುತ್ತಾನೆ. ಇದು ಸಂತೋಷಪಡಬೇಕಾದ ಬದಲಾವಣೆಯೇ. ಆದರೆ ಈ ಉತ್ಸಾಹದ ನಡುವೆ ನಾವು ಕೇಳಿಕೊಳ್ಳದೇ ಬಿಟ್ಟ ಪ್ರಶ್ನೆಯೊಂದಿದೆ. ನಾವು ಮಗುವಿನ ಕಲಿಕೆಗೆ ನೆರವಾಗುತ್ತಿದ್ದೇವೆಯೇ ಅಥವಾ ಮಗು ಮಾಡಬೇಕಾದುದನ್ನು ನಾವೇ ಮಾಡಿ ಮುಗಿಸುತ್ತಿದ್ದೇವೆಯೇ?

ಶಾಲೆಗಳು ಕೊಡುವ 'ಪ್ರಾಜೆಕ್ಟ್'ಗಳನ್ನೇ ನೋಡಿ. ಎರಡನೇ ತರಗತಿಯ ಮಗು ಥರ್ಮಕೋಲಿನಲ್ಲಿ ಮನೆ ಕಟ್ಟಬೇಕು. ಕತ್ತರಿಸುವವಳು ತಾಯಿ, ಅಂಟಿಸುವವನು ಅಣ್ಣ, ಬಣ್ಣ ತರುವವನು ತಂದೆ. ಮಗುವಿನ ಪಾಲಿಗೆ ಉಳಿಯುವುದು ಅದನ್ನು ಹೊತ್ತುಕೊಂಡು ಹೋಗುವ ಕೆಲಸ ಮಾತ್ರ. ಅದನ್ನು ಮಗು ಮಾಡಿಲ್ಲವೆಂದು ಟೀಚರ್‌ಗೆ ಗೊತ್ತು. ಟೀಚರ್‌ಗೆ ಗೊತ್ತೆಂದು ತಾಯಿಗೂ ಗೊತ್ತು. ಆದರೂ ಅದರ ಮೇಲೆ 'ವೆರಿಗುಡ್' ಬೀಳುತ್ತದೆ. ಇದನ್ನು ಯಾರೂ ಸುಳ್ಳೆಂದು ಕರೆಯುವುದಿಲ್ಲ. ಆದರೆ ಏಳು ವರ್ಷದ ಮಗು ಅಲ್ಲಿ ಎರಡು ವಿಷಯಗಳನ್ನು ಕಲಿಯುತ್ತದೆ. ಇತರರ ದುಡಿಮೆಯನ್ನು ತನ್ನದೆಂದು ತೋರಿಸಬಹುದು. ತನ್ನ ಕೈಯಿಂದ ಆದ ಅಂಕುಡೊಂಕಿನ ಕೆಲಸಕ್ಕೆ ಬೆಲೆಯಿಲ್ಲ. ಮನೆಯಲ್ಲಿ ಸತ್ಯ ಹೇಳಬೇಕೆಂದು ಬೋಧಿಸುವ ನಾವೇ ಈ ಪಾಠವನ್ನು ಕಲಿಸುತ್ತಿದ್ದೇವೆ.

"ಎಲ್ಲರ ಮಕ್ಕಳೂ ಹಾಗೆ ಮಾಡಿಸಿಕೊಂಡು ಬರುವಾಗ ನಮ್ಮ ಮಗು ಮಾತ್ರ ಹಿಂದುಳಿಯಬೇಕೇ?" ಎಂದು ಹೆತ್ತವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಗುವಿನ ಮುಖ ಬಾಡುವುದನ್ನು ನೋಡುವುದು ಯಾವ ತಾಯಿಗೂ ಸುಲಭವಲ್ಲ. ಆದರೆ ಹಿಂದುಳಿಯುವುದೆಂದರೇನು? ಪ್ರಥಮ್ ಸಂಸ್ಥೆಯ 'ಅಸರ್' ಸಮೀಕ್ಷೆಯು 2005ರಿಂದ ಗ್ರಾಮೀಣ ಭಾರತದ ಮಕ್ಕಳ ಓದಿನ ಮಟ್ಟವನ್ನು ಅಳೆಯುತ್ತಾ ಬಂದಿದೆ. 2024ರ ಸಮೀಕ್ಷೆಯಲ್ಲಿಯೂ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಈ ಮಕ್ಕಳೂ ನೋಟ್ ಪುಸ್ತಕ ತುಂಬಿಸಿಯೇ ತರಗತಿಗಳನ್ನು ದಾಟಿ ಬಂದಿರುತ್ತಾರೆ. ತುಂಬಿದ ಪುಸ್ತಕ ಕಲಿಕೆಗೆ ಸಾಕ್ಷಿಯಲ್ಲ. ಮಗು ತಪ್ಪು ಮಾಡಿದರೆ ಅದು ಎಲ್ಲಿ ಎಡವುತ್ತಿದೆ ಎಂದು ಟೀಚರ್‌ಗೆ ತಿಳಿಯುತ್ತದೆ. ಆ ತಪ್ಪನ್ನು ನಾವು ರಾತ್ರಿಯೇ ಅಳಿಸಿ ತಿದ್ದಿ ಕಳಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಮಕ್ಕಳು ಅಮಾನತ್ ಎಂದು ನಾವು ಮತ್ತೆ ಮತ್ತೆ ಹೇಳುತ್ತೇವೆ. ಪ್ರತಿಯೊಬ್ಬರೂ ತಮ್ಮ ಮಂದೆಗೆ ಹೊಣೆಗಾರರಾದ ಕುರುಬರು ಎಂಬ ಪ್ರವಾದಿ(ಸ)ವಚನವೂ ನಮಗೆ ಗೊತ್ತು. ಅಮಾನತ್ ಎಂದರೆ ಇನ್ನೊಬ್ಬರ ಸೊತ್ತು, ನಮ್ಮ ಪ್ರತಿಷ್ಠೆಗೆ ಬಳಸುವಂಥದ್ದಲ್ಲ. ಕುರುಬ ಮಂದೆಯನ್ನು ಹುಲ್ಲಿರುವಲ್ಲಿಗೆ ಕರೆದೊಯ್ಯುತ್ತಾನೆ, ತೋಳದಿಂದ ಕಾಯುತ್ತಾನೆ. ಆದರೆ ಕುರಿಯ ಬದಲಿಗೆ ಅವನು ಮೇಯುವುದಿಲ್ಲ. ಮಗುವಿನ ಅಂಕವು ನೆರೆಮನೆಯವರ ಮುಂದೆ ನಮ್ಮ ಮಾನದ ಪ್ರಶ್ನೆಯಾದ ದಿನ, ಆ ಅಮಾನತನ್ನು ನಾವು ನಮ್ಮ ಸ್ವಂತಕ್ಕೆ ಬಳಸಿಕೊಂಡಂತೆ.

ಮಾನದ ಪ್ರಶ್ನೆಯ ಬೆನ್ನಿಗೇ ಸಿಟ್ಟು ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳ ನೀಡುವುದನ್ನೂ ನಿಷೇಧಿಸಿದೆ. ಟೀಚರ್ ಹೊಡೆದರೆ ನಾವು ಶಾಲೆಯ ಬಾಗಿಲಿಗೆ ಹೋಗುತ್ತೇವೆ. ಅದೇ ಮಗು ಮನೆಯಲ್ಲಿ ಏಳರ ಮಗ್ಗಿ ತಪ್ಪಿದಾಗ ಸೌಟು ಎತ್ತುವವರು ನಾವೇ. ಹೆದರಿದ ಮಗು ಮಗ್ಗಿಯನ್ನು ಯೋಚಿಸುವುದಿಲ್ಲ, ಸೌಟನ್ನು ಯೋಚಿಸುತ್ತದೆ. ಮನೆಯೂ ಶಾಲೆಯೂ ಹೆದರಿಸುವ ಜಾಗಗಳಾದರೆ ಅದಕ್ಕೆ ಹೋಗಲು ಇನ್ನೆಲ್ಲಿ ಜಾಗವಿದೆ?

ಇನ್ನು, ಓದು ಬರೆಹ ಬಾರದ ತಾಯಂದಿರ ಅಳಲು ಬೇರೆಯೇ. "ನಮಗೆ ಕನ್ನಡವೇ ಸರಿಯಾಗಿ ಬರುವುದಿಲ್ಲ, ನಾವೇನು ಹೇಳಿಕೊಡುವುದು?" ಎಂದು ಅವರು ಹಿಂಜರಿಯುತ್ತಾರೆ. ನಮ್ಮ ಕರಾವಳಿಯ ಮಗುವೊಂದರ ದಿನವನ್ನು ನೋಡಿದರೆ ಅದರ ಕಷ್ಟವೂ ಅರ್ಥವಾಗುತ್ತದೆ. ಬೆಳಗ್ಗೆ ಮದ್ರಸದಲ್ಲಿ ಅರಬಿ ಅಕ್ಷರ, ಹತ್ತು ಗಂಟೆಗೆ ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಮನೆಗೆ ಬಂದರೆ ಬ್ಯಾರಿ. ಬಯಲುಸೀಮೆಯಲ್ಲಾದರೆ ಬ್ಯಾರಿಯ ಜಾಗದಲ್ಲಿ ಉರ್ದು. ಇಷ್ಟು ಭಾಷೆಗಳ ನಡುವೆ ಓಡಾಡುವ ಮಗುವನ್ನು ದಡ್ಡನೆನ್ನುವುದು ಅನ್ಯಾಯ. ಇಲ್ಲಿ ತಾಯಿಗೆ ದೊಡ್ಡ ಕೆಲಸವಿದೆ, ಅದಕ್ಕೆ ಅಕ್ಷರ ಬೇಕಾಗಿಲ್ಲ. "ಇಂದು ಶಾಲೆಯಲ್ಲಿ ಏನಾಯಿತು?" ಎಂದು ಮನೆಭಾಷೆಯಲ್ಲೇ ಕೇಳಲಿ. ಕನ್ನಡದಲ್ಲಿ ಕೇಳಿದ ಕಥೆಯನ್ನು ಮಗು ಬ್ಯಾರಿಯಲ್ಲಿ ಉಮ್ಮನಿಗೆ ಹೇಳಬೇಕಾದರೆ ಅದನ್ನು ಮೊದಲು ಅರ್ಥ ಮಾಡಿಕೊಂಡಿರಬೇಕು. ಕಾಪಿ ಬರೆಯುವುದರಿಂದ ಆಗದ ಕಲಿಕೆ ಅಲ್ಲಿ ಆಗುತ್ತದೆ. ಅಕ್ಕಿ ಅಳೆಯುವಾಗ ಎಣಿಸಲಿ, ಅಂಗಡಿಯ ಚಿಲ್ಲರೆ ಲೆಕ್ಕ ಹಾಕಲಿ, ಬಸ್ಸಿನ ಬೋರ್ಡು ಓದಿ ಹೇಳಲಿ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಲು ಹೆತ್ತವರು ನಾಚಬೇಕಾಗಿಲ್ಲ. ಮದೀನಾದ ಮಹಾ ವಿದ್ವಾಂಸ ಇಮಾಮ್ ಮಾಲಿಕ್(ರ)ರು ಹಲವು ಪ್ರಶ್ನೆಗಳಿಗೆ 'ನನಗೆ ಗೊತ್ತಿಲ್ಲ' ಎಂದು ಉತ್ತರಿಸುತ್ತಿದ್ದರೆಂದು ವರದಿಯಾಗಿದೆ. ಅಂಥವರೇ ಹೇಳಿದ ಮಾತನ್ನು ನಾವು ಹೇಳಬಾರದೇಕೆ? "ನನಗೆ ಗೊತ್ತಿಲ್ಲ ಮಗಾ, ನಾಳೆ ಟೀಚರ್ ಹತ್ತಿರ ಕೇಳಿಕೊಂಡು ಬಂದು ನನಗೂ ಹೇಳು" ಎಂದ ತಾಯಿ ಮಗುವಿಗೆ ಪ್ರಶ್ನೆ ಕೇಳುವ ಧೈರ್ಯ ಕೊಟ್ಟಿದ್ದಾಳೆ.

ಹಾಗೆಂದು ಎಲ್ಲವನ್ನೂ ಹೆತ್ತವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಓದಿದ ತಾಯಿಯಿದ್ದರೆ ಮಾತ್ರ ಮಾಡಬಹುದಾದ ಹೋಂವರ್ಕ್ ಕೊಡುವ ಶಾಲೆ, ಓದದ ತಾಯಿಯ ಮಗುವಿಗೆ ಅವಳ ಬಡತನಕ್ಕಾಗಿ ಶಿಕ್ಷೆ ಕೊಟ್ಟಂತಾಗುತ್ತದೆ. ಎಳೆಯರ ಮೇಲಿನ ಹೊರೆಯ ಬಗ್ಗೆ 1993ರಲ್ಲೇ ಯಶಪಾಲ್ ಸಮಿತಿ ಎಚ್ಚರಿಸಿತ್ತು. 2018ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಕೂಡದೆಂದಿತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೂ ಅದನ್ನೇ ಹೇಳಿ, ಮೂರರಿಂದ ಐದನೇ ತರಗತಿಗೆ ವಾರಕ್ಕೆ ಎರಡು ಗಂಟೆಯ ಮಿತಿ ಹಾಕಿತು. ದಿನಕ್ಕಲ್ಲ, ವಾರಕ್ಕೆ! ನಮ್ಮ ಮಕ್ಕಳ ಡೈರಿಯನ್ನು ಇದರೊಂದಿಗೆ ಹೋಲಿಸಿ ನೋಡಿ. ಸರಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ, ಖಾಸಗಿ ಶಾಲೆಗಳಲ್ಲಿ ಹೆತ್ತವರ ಸಭೆಯಿದೆ. ಅಲ್ಲಿ ಅಂಕ ಕೇಳಿ ಬರುವ ನಾವು ಇದನ್ನೂ ಕೇಳಬೇಕು.

ಸಮುದಾಯಕ್ಕೂ ಪಾಲಿದೆ. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಬರೆಹ ಕಲಿಸಿದರೆ ಅದೇ ಅವರ ಬಿಡುಗಡೆಯ ಪರಿಹಾರವೆಂದು ಪ್ರವಾದಿ(ಸ) ನಿಗದಿಪಡಿಸಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ನಿನ್ನೆ ಯುದ್ಧಕ್ಕೆ ಬಂದವನ ಬಳಿಯೂ ಮಕ್ಕಳನ್ನು ಕಲಿಯಲು ಕೂರಿಸಿದ ಪರಂಪರೆ ನಮ್ಮದು. ನಮ್ಮ ಮೊಹಲ್ಲಾಗಳಲ್ಲಿ ಪದವಿ ಪಡೆದ ಹೆಣ್ಣುಮಕ್ಕಳಿದ್ದಾರೆ. ಸಂಜೆ ಖಾಲಿ ಬೀಳುವ ಮದ್ರಸ ಕೊಠಡಿಗಳಿವೆ. ಜಮಾಅತ್‌ಗಳು ಮನಸ್ಸು ಮಾಡಿದರೆ, ಅಕ್ಷರ ಬಾರದ ತಾಯಿಯ ಮಗುವೂ ಒಂದು ಗಂಟೆ ದೀಪದ ಕೆಳಗೆ ಕುಳಿತು ತಾನೇ ಓದಬಹುದು. ಪಕ್ಕದಲ್ಲಿ ಕೇಳುವವರೊಬ್ಬರಿರಬೇಕು, ಅಷ್ಟೇ. ಮುಂದಿನ ಜಮಾಅತ್ ಸಭೆಯಲ್ಲಿ ಈ ವಿಷಯವನ್ನು ಎತ್ತುವವರು ನಮ್ಮಲ್ಲಿ ಎಷ್ಟು ಮಂದಿ?