ಕಲಿಕೆಯ ಅಂಗಡಿ, ಅದರ ತಕ್ಕಡಿ

ಪಿಯುಸಿ ಫಲಿತಾಂಶ ಬಂದ ವಾರ ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿ ಹೋಗುವವರು ಕಿಟಕಿಯಾಚೆ ಸ್ವಲ್ಪ ಗಮನವಿಟ್ಟು ನೋಡಬೇಕು. ಸಿನಿಮಾ ಪೋಸ್ಟರಿಗೂ ಜಾಗ ಬಿಡದಂತೆ ಕೋರ್ಸುಗಳ ಫ್ಲೆಕ್ಸುಗಳು. ಪ್ಯಾರಾಮೆಡಿಕಲ್, ನರ್ಸಿಂಗ್, ಫೈರ್ ಅಂಡ್ ಸೇಫ್ಟಿ, ಹೋಟೆಲ್ ಮ್ಯಾನೇಜ್‌ಮೆಂಟ್, ಟ್ಯಾಲಿ. ಎಲ್ಲದರಲ್ಲೂ ಕೋಟು ತೊಟ್ಟು ನಗುವ ಒಬ್ಬ ಹುಡುಗ, ಒಬ್ಬಳು ಹುಡುಗಿ. ಕೆಳಗೆ ‘ನೂರಕ್ಕೆ ನೂರು ಉದ್ಯೋಗ ಭರವಸೆ’. ಆ ಇಬ್ಬರೂ ಆ ಸಂಸ್ಥೆಯಲ್ಲಿ ಓದಿದವರಲ್ಲ, ಬಹುಶಃ ಈ ದೇಶದವರೂ ಅಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ. ಆದರೂ ಅಪ್ಪಂದಿರು ಆ ಫೋನ್ ನಂಬರನ್ನು ಬರೆದುಕೊಳ್ಳುತ್ತಾರೆ.

ಭದ್ರಾವತಿಯ ಪೇಪರ್ ಟೌನಿನ ನನ್ನ ಪರಿಚಯದ ಹಿರಿಯರೊಬ್ಬರು ಹಾಗೆ ಬರೆದುಕೊಂಡ ಚೀಟಿ ಹಿಡಿದು ಬಂದಿದ್ದರು. ಮೈಸೂರು ಕಾಗದ ಕಾರ್ಖಾನೆಯಲ್ಲಿ ದುಡಿದವರು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತ ಮೇಲೆ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಕಿರಿಯ ಮಗನ ಓದಿಗೆಂದು ಎತ್ತಿಟ್ಟಿದ್ದರು. ಫೀಸು ಜಾಸ್ತಿಯೋ ಕಡಿಮೆಯೋ ಎಂದು ಅವರು ಕೇಳಲಿಲ್ಲ. “ಭಾಯ್‌ಸಾಬ್, ಈ ಸರ್ಟಿಫಿಕೇಟಿಗೆ ಗೌರ್ಮೆಂಟಿನಲ್ಲಿ ಬೆಲೆ ಇದೆಯಾ?” ಎಂದರು.

ಈ ಒಂದು ಪ್ರಶ್ನೆಯೊಳಗೆ ಹಲವು ಪ್ರಶ್ನೆಗಳಿವೆ. ಓದಿಗೆ ಬೆಲೆ ಕಟ್ಟಬೇಕಾದವರು ಯಾರು? ಕಲಿಸುವವನೇ, ಕಲಿಯುವವನೇ, ಸರ್ಕಾರವೇ, ನಾಳೆ ಕೆಲಸ ಕೊಡುವವನೇ? ಬೆಲೆ ಕಟ್ಟಿದ ಮೇಲೆ ಮಾಲು ಪೊಳ್ಳೆಂದು ತಿಳಿದರೆ ಹೊಣೆ ಯಾರದು?

ವಿದ್ಯೆಯನ್ನು ಮಾರಬಾರದು ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಬಹಳ ಸಲೀಸಾಗಿ ಓಡಾಡುತ್ತದೆ. ಕಾಲೇಜು ನಡೆಸುವವರೇ ಅದನ್ನು ಹೆಚ್ಚು ಜೋರಾಗಿ ಹೇಳುವುದು ತಮಾಷೆಯ ಸಂಗತಿ. ನಿಜಕ್ಕೂ ನಮ್ಮ ನಾಡಿನಲ್ಲಿ ಓದು ಪುಕ್ಕಟೆಯಾಗಿದ್ದ ಕಾಲ ಕಡಿಮೆ. ಕೂಲಿಮಠ ಎಂಬ ಶಬ್ದವನ್ನೇ ನೋಡಿ, ಹೆಸರಿನಲ್ಲೇ ಕೂಲಿಯಿದೆ. ಅಯ್ಯಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಕ್ಕಳ ಮನೆಯವರು ಧಾನ್ಯವನ್ನೋ ಕಾಸನ್ನೋ ಕೊಡುತ್ತಿದ್ದರು. ಆ ಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನು ಮರೆತು ಅದನ್ನು ಹಾಡಿ ಹೊಗಳಬೇಕಾಗಿಲ್ಲ. ಆದರೆ ಅಲ್ಲಿ ಒಂದು ಲೆಕ್ಕವಿತ್ತು. ವರ್ಷ ಕಳೆದರೂ ಮಗನಿಗೆ ಕಾಗುಣಿತ ಬಾರದಿದ್ದರೆ ಅಪ್ಪ ಸಂತೆಯಲ್ಲಿ ಅಯ್ಯಗಳಿಗೆ ಎದುರಾಗುತ್ತಿದ್ದ. ಕೊಟ್ಟವನೂ ಪಡೆದವನೂ ಒಂದೇ ಊರಿನಲ್ಲಿ ಮುಖ ನೋಡಿಕೊಂಡು ಬದುಕಬೇಕಿತ್ತು.

ಇದೇ ಪ್ರಶ್ನೆಯನ್ನು ಇಸ್ಲಾಮಿನ ನ್ಯಾಯವೇತ್ತರೂ ಎದುರಿಸಿದ್ದಾರೆ. ಹನಫಿ ಪಂಥದ ಆರಂಭದ ಇಮಾಮರು ಕುರ್‌ಆನ್ ಕಲಿಸಿ ಕೂಲಿ ಪಡೆಯುವುದನ್ನು ಒಪ್ಪಲಿಲ್ಲ. ಮುಂದಿನ ತಲೆಮಾರಿನವರು ಒಪ್ಪಿದರು. ಅವರು ಕೊಟ್ಟ ಕಾರಣ ಕುತೂಹಲದ್ದು. ಮೊದಲು ಉಸ್ತಾದರಿಗೆ ಬೈತುಲ್‌ಮಾಲ್‌ನಿಂದ, ಅಂದರೆ ಸಾರ್ವಜನಿಕ ಖಜಾನೆಯಿಂದ ಭತ್ಯೆ ಬರುತ್ತಿತ್ತು. ಅದು ನಿಂತುಹೋಯಿತು. ಹೊಟ್ಟೆಪಾಡಿಗೆ ಅವರು ಬೇರೆ ಕಸುಬು ಹಿಡಿದರೆ ಕಲಿಸುವವರೇ ಇಲ್ಲವಾಗುತ್ತಾರೆ. ಆದ್ದರಿಂದ ಕೂಲಿ ಪಡೆಯಬಹುದು. ಹೀಗೆ ಖಜಾನೆ ಕೈಬಿಟ್ಟ ಜಾಗದಲ್ಲಿ ಶುಲ್ಕ ಹುಟ್ಟಿತು. ಅನಿವಾರ್ಯಕ್ಕೆ ಒಪ್ಪಿದ್ದನ್ನು ಯಾರೂ ಪುಣ್ಯವೆಂದು ಕರೆಯಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಕರ್ನಾಟಕದ ಕಥೆಯೂ ಹೆಚ್ಚು ಬೇರೆಯಲ್ಲ. ಸರ್ಕಾರ ಕಟ್ಟದ ಕಾಲೇಜುಗಳನ್ನು ಖಾಸಗಿಯವರು ಕಟ್ಟಿದರು. ಇದರಲ್ಲಿ ಒಳ್ಳೆಯದೂ ಆಯಿತು. ಮಣಿಪಾಲದಲ್ಲಿ ಟಿ.ಎಂ.ಎ. ಪೈಯವರು 1953ರಲ್ಲೇ ಖಾಸಗಿ ವೈದ್ಯಕೀಯ ಕಾಲೇಜು ತೆರೆದರು. ಶಿವಮೊಗ್ಗದ ರಾಷ್ಟ್ರೀಯ ಶಿಕ್ಷಣ ಸಮಿತಿ 1946ರಲ್ಲಿ ಹುಟ್ಟಿ, 1980ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುಮಾಡಿತು. ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನರು 1966ರಲ್ಲಿ ಅಲ್-ಅಮೀನ್ ಸಂಸ್ಥೆ ಕಟ್ಟದಿದ್ದರೆ ನಮ್ಮ ಎಷ್ಟು ಮನೆಗಳ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದರು? ಖಾಸಗಿ ಎಂದೊಡನೆ ಮೂಗು ಮುರಿಯುವುದು ಸುಲಭ, ನ್ಯಾಯವಲ್ಲ.

ಆದರೆ ಭದ್ರಾವತಿಯಲ್ಲಿ ನಿಂತು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಆ ಕಾಲದಲ್ಲಿ ಕಸಬು ಕಲಿಯುವ ಜಾಗವೂ ಕಾರ್ಖಾನೆಯೇ. ಮೇಸ್ತ್ರಿಯ ಪಕ್ಕದಲ್ಲಿ ನಿಂತು, ಬೈಸಿಕೊಂಡು, ಕೈ ಸುಟ್ಟುಕೊಂಡು ಕಲಿಯುತ್ತಿದ್ದರು. 1961ರ ಅಪ್ರೆಂಟಿಸ್ ಕಾಯ್ದೆ ಬಂದ ಮೇಲಂತೂ ಕಲಿಯುವ ಹುಡುಗನಿಗೆ ಭತ್ಯೆ ಕೊಡುವುದು ಕಾನೂನೇ ಆಯಿತು. ಅಂದರೆ ಒಬ್ಬ ಕೆಲಸಗಾರನನ್ನು ತಯಾರು ಮಾಡುವ ಖರ್ಚು ಅವನ ಕೆಲಸದಿಂದ ಲಾಭ ಪಡೆಯುವವನದು ಎಂಬ ಒಪ್ಪಂದವಿತ್ತು. ಈಗ ಅದು ತಿರುಗಿದೆ. ಕಾಗದದ ಕಾರ್ಖಾನೆ ನಿಂತಿದೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕಲಿಯುವಾಗ ಭತ್ಯೆ ಪಡೆದ ಅಪ್ಪನ ಮಗ ಈಗ ಕಲಿಯಲು ಸಾಲ ಮಾಡುತ್ತಾನೆ. ಕೆಲಸ ಕೊಡುವವನು ‘ಅನುಭವ ಇದೆಯಾ’ ಎಂದಷ್ಟೇ ಕೇಳುತ್ತಾನೆ. ನಡುವೆ ಹುಟ್ಟಿಕೊಂಡದ್ದೇ ಈ ಫ್ಲೆಕ್ಸುಗಳ ಸಂಸ್ಥೆಗಳು.

ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯ ಅಧ್ಯಕ್ಷರಾಗಿ ದುಡಿದದ್ದಕ್ಕೆ ಸಲ್ಲಬೇಕಾಗಿದ್ದ ಹಣವನ್ನು ತಾವು ತೆಗೆದುಕೊಳ್ಳಲಿಲ್ಲ. ಹುಡುಗರಿಗೆ ಕಸಬು ಕಲಿಸುವ ಸಂಸ್ಥೆಗೆ ಅದನ್ನು ಬಳಸಿ ಎಂದರು. ಹಾಗೆ ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದದ್ದೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಭದ್ರಾವತಿಯ ಕಬ್ಬಿಣದ ಹಣದಲ್ಲಿ ಕಟ್ಟಿದ ವೃತ್ತಿಶಾಲೆ ಅದು. ಅವರ ಪ್ರತಿಮೆಗೆ ಹಾರ ಹಾಕುವ ದಿನ ಈ ವಿವರ ಯಾಕೋ ಭಾಷಣಗಳಲ್ಲಿ ಬರುವುದಿಲ್ಲ.

ಇನ್ನು ಕಾನೂನಿನ ಮಾತು. ಕರ್ನಾಟಕ 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿತು. ಐದು ವರ್ಷದ ಬಳಿಕ, 1989ರಲ್ಲಿ, ಅದೇ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ದರಪಟ್ಟಿ ಹೊರಡಿಸಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಒಂದೇ ಬೆಂಚು, ಒಂದೇ ಪಾಠ, ಮೂವತ್ತು ಪಟ್ಟು ಬೆಲೆ. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. 1992ರಲ್ಲಿ ಕೋರ್ಟು, ಇದು ಶಿಕ್ಷಣದ ಮಾರಾಟ ಎಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಶಿಕ್ಷಣ ವ್ಯಾಪಾರವಲ್ಲ ಎಂದು ಸಾರಿ, ಉಚಿತ ಸೀಟು, ಪೇಮೆಂಟ್ ಸೀಟುಗಳ ವ್ಯವಸ್ಥೆ ತಂದಿತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಆ ವ್ಯವಸ್ಥೆಯನ್ನು ತೆಗೆದುಹಾಕಿತು. ಸಂಸ್ಥೆ ನಡೆಸುವುದು ಒಂದು ಉದ್ಯೋಗ, ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಮಾಡಬಹುದು, ಲಾಭಕೋರತನ ಕೂಡದು ಎಂದಿತು. 2003ರ ಇಸ್ಲಾಮಿಕ್ ಅಕಾಡೆಮಿ ಮೊಕದ್ದಮೆ ನಿವೃತ್ತ ನ್ಯಾಯಾಧೀಶರ ಸಮಿತಿಗಳನ್ನು ಕೂಡಿಸಿತು. ಇವುಗಳಲ್ಲಿ ಮೂರು ಮೊಕದ್ದಮೆಗಳಲ್ಲಿ ಪ್ರತಿವಾದಿ ಕರ್ನಾಟಕ ರಾಜ್ಯವೇ. ಈ ವಿಷಯದಲ್ಲಿ ದೇಶಕ್ಕೆ ಪಾಠ ಹೇಳಿಕೊಟ್ಟ ಊರು ನಮ್ಮದು ಎನ್ನಬೇಕು, ಹೆಮ್ಮೆಯಿಂದಲ್ಲ.

ಉಳಿತಾಯಕ್ಕೂ ಲಾಭಕ್ಕೂ ನಡುವಿನ ಗೆರೆಯನ್ನು ಎಳೆಯುವವರು ಯಾರು? ಕಾಲೇಜು ಟ್ರಸ್ಟಿನದು, ಟ್ರಸ್ಟಿಗೆ ಲಾಭವಿಲ್ಲ. ಆದರೆ ಕಟ್ಟಡ ಅಧ್ಯಕ್ಷರ ಹೆಂಡತಿಯ ಹೆಸರಿನಲ್ಲಿದ್ದು ಬಾಡಿಗೆ ಅವರಿಗೆ ಹೋದರೆ? ಬಸ್ಸು ಭಾವಮೈದುನನದು, ಕ್ಯಾಂಟೀನು ಅಳಿಯನದು ಆದರೆ? ಲೆಕ್ಕಪತ್ರದಲ್ಲಿ ಎಲ್ಲವೂ ಸೇವೆ. ಇದಕ್ಕಿಂತ ‘ನಾನು ಅಂಗಡಿ ಇಟ್ಟಿದ್ದೇನೆ’ ಎಂದು ಬೋರ್ಡು ಹಾಕಿ ಟೈಪಿಂಗ್ ಕಲಿಸುವವನು ನನಗೆ ಎಷ್ಟೋ ಮೇಲು. ಅವನ ಬಳಿ ರಸೀದಿಯಾದರೂ ಸಿಗುತ್ತದೆ.

ಸೇವೆ ಎಂಬ ಮುಸುಕಿಗೆ ಇನ್ನೊಂದು ಉಪಯೋಗವಿದೆ. 2009ರಲ್ಲಿ ಬಿಹಾರದ ಒಂದು ದಂತವೈದ್ಯಕೀಯ ಕಾಲೇಜು, ಇಲ್ಲದ ಮಾನ್ಯತೆಯನ್ನು ಇದೆ ಎಂದು ನಂಬಿಸಿದ್ದಕ್ಕೆ ವಿದ್ಯಾರ್ಥಿಗಳಿಗೆ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಮರುವರ್ಷವೇ ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ, ವಿದ್ಯಾರ್ಥಿ ಗ್ರಾಹಕನಲ್ಲ ಎಂಬ ತೀರ್ಪು ಬಂತು. ಆಮೇಲೆ ಗ್ರಾಹಕ ನ್ಯಾಯಾಲಯಗಳಲ್ಲಿ ಈ ಎರಡು ದಾರಿಗಳ ನಡುವೆ ಎಳೆದಾಟ ನಡೆದಿದೆ. ಎರಡನೆಯ ವಾದದ ಫಲವನ್ನು ಯೋಚಿಸಿ. ಶಿಕ್ಷಣ ಸರಕಲ್ಲ, ಪವಿತ್ರವಾದುದು, ಆದ್ದರಿಂದ ಮೋಸಹೋದವನು ಗ್ರಾಹಕನಂತೆ ದೂರು ಕೊಡುವಂತಿಲ್ಲ. ಕೆಟ್ಟ ಮಿಕ್ಸಿ ಕೊಂಡವನಿಗೆ ಇರುವ ಹಕ್ಕು ಕೆಟ್ಟ ಡಿಪ್ಲೊಮಾ ಕೊಂಡವನಿಗಿಲ್ಲ. ಪಾವಿತ್ರ್ಯ ಯಾರನ್ನು ಕಾಯಬೇಕಿತ್ತೋ ಅವರನ್ನು ಬಿಟ್ಟು ಗಲ್ಲಾಪೆಟ್ಟಿಗೆಯನ್ನು ಕಾಯುತ್ತಿದೆ.

ಮಿಕ್ಸಿಯ ಹೋಲಿಕೆಯೂ ಪೂರ್ತಿ ಹೊಂದುವುದಿಲ್ಲ. ಮಿಕ್ಸಿಯನ್ನು ಅಂಗಡಿಯಲ್ಲೇ ತಿರುಗಿಸಿ ನೋಡಬಹುದು. ಕೋರ್ಸನ್ನು ಮುಗಿಸುವ ತನಕ ಅದರ ಗುಣ ತಿಳಿಯದು, ತಿಳಿಯುವ ಹೊತ್ತಿಗೆ ಎರಡು ಮೂರು ವರ್ಷ ಹೋಗಿರುತ್ತದೆ. ಹಣವನ್ನು ವಾಪಸ್ ಕೊಡಿಸಬಹುದು, ಹತ್ತೊಂಬತ್ತನೆಯ ವಯಸ್ಸನ್ನು ಯಾವ ಕೋರ್ಟು ವಾಪಸ್ ಕೊಡಿಸುತ್ತದೆ? ಮಾರುವವನಿಗೆ ಹಿಂದಿನ ಬ್ಯಾಚಿನ ಹುಡುಗರು ಎಲ್ಲಿದ್ದಾರೆಂದು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ವ್ಯಾಪಾರದ ಅನ್ಯಾಯವೆಲ್ಲ ಈ ಒಂದು ಅಂತರದಲ್ಲಿದೆ ಎಂದು ನನಗನ್ನಿಸುತ್ತದೆ. ಫೀಸು ಪಡೆದದ್ದು ತಪ್ಪಲ್ಲ, ಗೊತ್ತಿದ್ದೂ ಮುಚ್ಚಿಟ್ಟದ್ದು ತಪ್ಪು.

ಹಾಗಾದರೆ ಮೇಲ್ವಿಚಾರಣೆ? ಅದಕ್ಕೇನೂ ಕೊರತೆಯಿಲ್ಲ. ಎಐಸಿಟಿಇ, ಎನ್‌ಸಿಟಿಇ, ನರ್ಸಿಂಗ್ ಕೌನ್ಸಿಲ್, ವಿಶ್ವವಿದ್ಯಾಲಯದ ತಪಾಸಣಾ ಸಮಿತಿ. ಸಮಿತಿ ಬರುವ ದಿನ ಕಾಲೇಜುಗಳಲ್ಲಿ ನಡೆಯುವುದನ್ನು ಕಂಡವರೇ ಬಲ್ಲರು. ಪಕ್ಕದ ಊರಿನಿಂದ ಪುಸ್ತಕ ಬರುತ್ತದೆ, ಬೀರುವಿನ ಗಾಜು ಒರೆಸಲಾಗುತ್ತದೆ, ಒಂದು ದಿನದ ಮಟ್ಟಿಗೆ ಪ್ರಾಧ್ಯಾಪಕರಾದವರು ಕುರ್ಚಿಯಲ್ಲಿ ಕೂರುತ್ತಾರೆ. ಕಾಯುವವನೇ ಕೈಚಾಚಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಭಾರತೀಯ ವೈದ್ಯಕೀಯ ಮಂಡಳಿ. 2010ರಲ್ಲಿ ಅದರ ಅಧ್ಯಕ್ಷರನ್ನೇ ಲಂಚದ ಆರೋಪದಲ್ಲಿ ಸಿಬಿಐ ಬಂಧಿಸಿತು. 2020ರಲ್ಲಿ ಮಂಡಳಿಯೇ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಶಿಕ್ಷಕರ ತರಬೇತಿಯ ಸ್ಥಿತಿಯನ್ನು ನೋಡಲು ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರದಲ್ಲಿ ಪರಿಶೀಲಿಸಿದ 291 ಡಿ.ಎಡ್. ಕಾಲೇಜುಗಳಲ್ಲಿ ಮಾನ್ಯತೆಗೆ ಯೋಗ್ಯವೆಂದು ಕಂಡದ್ದು 44 ಮಾತ್ರ. ನಮ್ಮಲ್ಲಿಯೂ ಡಿ.ಎಡ್. ಅಲೆ ಎದ್ದು ಇಳಿದದ್ದನ್ನು ನೋಡಿದ್ದೇವೆ. ಮನೆಯ ಬಳೆ ಅಡವಿಟ್ಟು ಡಿ.ಎಡ್. ಮಾಡಿದ ಹೆಣ್ಣುಮಕ್ಕಳು ಕಾನ್ವೆಂಟುಗಳಲ್ಲಿ ಕೂಲಿಗಿಂತ ಕಡಿಮೆ ಸಂಬಳಕ್ಕೆ ನರ್ಸರಿ ಪದ್ಯ ಹೇಳಿಕೊಡುತ್ತಿದ್ದಾರೆ.

ಸರ್ಕಾರದ್ದೇ ಆದರೆ ಭಯವಿಲ್ಲ ಎಂದೂ ಹೇಳುವಂತಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ಹೆಸರನ್ನು ಖಾಸಗಿ ಅಧ್ಯಯನ ಕೇಂದ್ರಗಳಿಗೆ ಕೊಟ್ಟಿತ್ತು. 2015ರ ಜೂನ್‌ನಲ್ಲಿ ಯುಜಿಸಿ, 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಪ್ರಾಮಾಣಿಕವಾಗಿ ಓದಿ ಪಾಸಾದವರು ಕಚೇರಿಯಿಂದ ಕಚೇರಿಗೆ ಅಲೆದರು. ತಪ್ಪು ಯಾರದೋ, ಅಂಕಪಟ್ಟಿ ಹಿಡಿದು ನಿಂತವರು ಇವರು. ಪೇಪರ್ ಟೌನಿನ ಹಿರಿಯರು ಕೇಳಿದ ‘ಗೌರ್ಮೆಂಟಿನ ಬೆಲೆ’ಯ ಪಾಡು ಇದು. ಅವರಿಗೆ ನಾನು ಕೊಟ್ಟ ಉತ್ತರ ಇಷ್ಟೇ: “ಚಾಚಾ, ಸೀಲು ನೋಡಬೇಡಿ. ಹೋದ ವರ್ಷ ಅಲ್ಲಿ ಓದಿದ ಹತ್ತು ಹುಡುಗರ ಫೋನ್ ನಂಬರ್ ಕೇಳಿ.” ಅವರು ಕೇಳಿದರು. ಸಂಸ್ಥೆಯವರು ಮೂರು ಸಲ ‘ನಾಳೆ ಬನ್ನಿ’ ಎಂದರು. ನಾಲ್ಕನೆಯ ಸಲ ಅವರು ಹೋಗಲಿಲ್ಲ.

ಹಳೆಯ ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ತೂಕ, ಅಳತೆ, ಕಲಬೆರಕೆ ನೋಡುವುದು ಅವನ ಕೆಲಸ. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಅಲ್-ಶೈಜರಿ ಈ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ರೊಟ್ಟಿ ಸುಡುವವರು, ಔಷಧಿ ಮಾರುವವರು, ವೈದ್ಯರು ಇವರ ಜೊತೆಗೆ ಮಕ್ಕಳಿಗೆ ಪಾಠ ಹೇಳುವವರ ಮೇಲೂ ಒಂದು ಅಧ್ಯಾಯವಿದೆ. ಅವರಿಗೆ ಉಸ್ತಾದನನ್ನು ರೊಟ್ಟಿಯವನ ಸಾಲಿನಲ್ಲಿ ನಿಲ್ಲಿಸುವುದು ಅವಮಾನವೆನಿಸಿರಲಿಲ್ಲ. ಮುಹ್ತಸಿಬ್ ರೊಟ್ಟಿ ಸುಡುವವನ ಗೋಡೆಗೆ ಸುಣ್ಣ ಬಳಿದಿದೆಯೇ ಎಂದು ನೋಡಿ ಹೋಗುತ್ತಿರಲಿಲ್ಲ, ರೊಟ್ಟಿಯನ್ನೇ ತೂಗುತ್ತಿದ್ದ. ನಮ್ಮ ಸಮಿತಿಗಳು ಕಟ್ಟಡದ ಚದರಡಿ ಅಳೆಯುತ್ತವೆ, ಹೊರಬಿದ್ದ ಹುಡುಗನನ್ನು ತೂಗುವುದಿಲ್ಲ.

ತೂಗಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ನೋಡಬಹುದು. ಅಲ್ಲಿ ಲಾಭಕ್ಕೆಂದೇ ನಡೆಯುವ ಕಾಲೇಜು ಕಂಪನಿಗಳಿವೆ. ಸರ್ಕಾರದ ಸಾಲದ ಹಣದಲ್ಲಿ ಬೆಳೆದ ಕೊರಿಂಥಿಯನ್ ಸಂಸ್ಥೆ 2015ರಲ್ಲೂ ಐಟಿಟಿ ಸಂಸ್ಥೆ 2016ರಲ್ಲೂ ಬಾಗಿಲು ಹಾಕಿದವು. ಓದಿ ಹೊರಬಂದವರ ಸಂಪಾದನೆ ಅವರ ಸಾಲ ತೀರಿಸುವಷ್ಟಿದೆಯೇ ಎಂದು ಅಳೆಯುವ ನಿಯಮವನ್ನು 2014ರಲ್ಲಿ ತಂದರು, 2019ರಲ್ಲಿ ರದ್ದುಮಾಡಿದರು, 2023ರಲ್ಲಿ ಮತ್ತೆ ತಂದರು. ತಕ್ಕಡಿಯ ಮೇಲೇ ಇಷ್ಟು ಜಗಳ ನಡೆದದ್ದನ್ನು ನೋಡಿದರೆ ಅದು ತೂಗುತ್ತಿದ್ದುದು ನಿಜವೆಂದು ಕಾಣುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2024ರಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, ಸುಳ್ಳು ಜಾಹೀರಾತು ಕೂಡದು, ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಫೀಸು ವಾಪಸ್ ಕೊಡಬೇಕು ಎಂದಿತು. ಒಳ್ಳೆಯದೇ. ಆದರೆ ‘ನೂರಕ್ಕೆ ನೂರು’ ಎಂಬ ಫ್ಲೆಕ್ಸನ್ನು ಬಿ.ಎಚ್. ರಸ್ತೆಯಿಂದ ಇಳಿಸಿದವರನ್ನು ನಾನಿನ್ನೂ ಕಂಡಿಲ್ಲ.

ನಮ್ಮ ಜಮಾತುಗಳಿಗೂ ಒಂದು ಮಾತು. ರಂಜಾನಿನಲ್ಲಿ ಕೂಡಿದ ಜಕಾತಿನಲ್ಲಿ ಬಡ ಮಕ್ಕಳ ಫೀಸು ಕಟ್ಟುವ ಒಳ್ಳೆಯ ರೂಢಿ ಬೆಳೆದಿದೆ. ಚೆಕ್ಕು ಬರೆಯುವಾಗ ಹುಡುಗನ ಅಂಕಪಟ್ಟಿ, ಅಪ್ಪನ ಆದಾಯ, ರೇಷನ್ ಕಾರ್ಡು ಎಲ್ಲವನ್ನೂ ಕೇಳುತ್ತೇವೆ. ಬಡವನನ್ನು ಇಷ್ಟು ತಪಾಸಣೆ ಮಾಡುವ ನಾವು ಚೆಕ್ಕು ಯಾರ ಹೆಸರಿಗೆ ಹೋಗುತ್ತಿದೆಯೋ ಆ ಸಂಸ್ಥೆಯನ್ನು ಒಂದು ಮಾತೂ ಕೇಳುವುದಿಲ್ಲ. ಸಂಸ್ಥೆ ನಮ್ಮವರದೇ ಆಗಿದ್ದರಂತೂ ಕೇಳುವುದು ಅಪಚಾರ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ, ಲೆಕ್ಕ ಕೊಡದಿರುವ ಹಕ್ಕನ್ನಲ್ಲ. ಅರ್ಜಿಯ ನಮೂನೆಯಲ್ಲಿ ಇನ್ನೊಂದು ಹಾಳೆ ಸೇರಿಸಿದರೆ ಸಾಕು: ಕಳೆದ ಮೂರು ಬ್ಯಾಚುಗಳಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಯಾರಿಗೆ ಎಲ್ಲಿ ಎಷ್ಟು ಸಂಬಳದ ಕೆಲಸ ಸಿಕ್ಕಿತು. ಅದನ್ನು ತುಂಬಬೇಕಾದವನು ಹುಡುಗನಲ್ಲ, ಪ್ರಿನ್ಸಿಪಾಲರು. ತುಂಬಿ ಸಹಿ ಹಾಕಿ ಕಳಿಸಿದ ಮೇಲೆ ಚೆಕ್ಕು ಬರೆಯೋಣ.