ಬಿಯರ್ ಗ್ಲಾಸು, ಸ್ಮಾರ್ಟ್ ವಾಚು ಮತ್ತು ನನ್ನ ನೀತಿ

ಇವತ್ತು ನಾನು ಮೂರು ಮಾತು ಹೇಳ್ತೀನಿ. ಮೂರಕ್ಕೂ "ಆಮೆನ್" ಬರುತ್ತೆ ಅನ್ನೋ ನಿರೀಕ್ಷೆ ಇಲ್ಲ. ಒಂದು ಮಾತು ಜಿಮ್‌ನಿಂದ ನೇರವಾಗಿ ಇಲ್ಲಿಗೆ ಬಂದಿರೋರಿಗೆ ಇಷ್ಟ ಆಗಲ್ಲ. ಇನ್ನೊಂದು ಹಿಂದೆ ಕೂತಿರೋ ಹಿರಿಯರಿಗೆ ಇಷ್ಟ ಆಗಲ್ಲ. ಮೂರನೇದು ನನಗೇ ಇಷ್ಟ ಇಲ್ಲ. ಆದರೂ ಹೇಳಬೇಕು, ಯಾಕಂದ್ರೆ ನಾನು ಒಂದು ತಪ್ಪು ಮಾಡಿದ್ದೀನಿ.

ಹೋದ ವರ್ಷ ನಮ್ಮ ಆರಾಧನಾ ತಂಡದಲ್ಲಿ ಒಬ್ಬ ಸಹೋದರ ಕೀಬೋರ್ಡ್ ನುಡಿಸ್ತಿದ್ದ. ಅವನನ್ನು ಕೇಳಿಯೇ ಇದನ್ನು ಹೇಳ್ತಿದ್ದೀನಿ, ಹೆಸರು ಹೇಳಲ್ಲ. ಒಂದು ಶನಿವಾರ ಸಂಜೆ ಯಾರೋ ನನಗೆ ಒಂದು ಫೋಟೊ ಕಳಿಸಿದರು. ಇಂದಿರಾನಗರದ ಒಂದು ಪಬ್ಬು, ಆಫೀಸಿನ ಎಂಟು ಹತ್ತು ಜನ, ಮಧ್ಯದಲ್ಲಿ ಇವನು. ಕೈಯಲ್ಲಿ ಬಿಯರ್ ಗ್ಲಾಸು, ಮುಖದ ತುಂಬ ನಗು. ಆ ರಾತ್ರಿಯೇ ಫೋನ್ ಮಾಡಿ, "ನಾಳೆಯಿಂದ ವೇದಿಕೆ ಹತ್ತಬೇಡ" ಅಂದೆ. ಅವನು "ಅಣ್ಣಾ, ಒಂದ್ನಿಮಿಷ" ಅಂದ. ನಾನು ಕೇಳಲಿಲ್ಲ. ಎರಡು ನಿಮಿಷದೊಳಗೆ ಮಾತು ಮುಗಿಸಿದೆ.

ಮರುದಿನ ಬೆಳಿಗ್ಗೆ ಆರಾಧನೆಗೆ ಮುಂಚೆ ನಾನು ಕಬ್ಬನ್ ಪಾರ್ಕಿನಲ್ಲಿ ಹತ್ತು ಕಿಲೋಮೀಟರ್ ಓಡಿದೆ. ವಾಚು ತೋರಿಸಿದ ಸಮಯದ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿದೆ. ಕೆಳಗೆ "ದೇಹವೇ ದೇವಾಲಯ" ಅಂತ ಬರೆದೆ. ತುಂಬಾ ಜನ ಹಾರ್ಟ್ ಕಳಿಸಿದರು. ನೋಡಿ, ಒಂದೇ ವಾರಾಂತ್ಯದಲ್ಲಿ ಎರಡು ಫೋಟೊ. ಒಂದಕ್ಕೆ ಶಿಕ್ಷೆ, ಇನ್ನೊಂದಕ್ಕೆ ಚಪ್ಪಾಳೆ. ಆವತ್ತು ನನಗೆ ಇದರಲ್ಲಿ ಏನೂ ವಿಚಿತ್ರ ಅನಿಸಲಿಲ್ಲ. ಆ ಸಹೋದರ ಮಾತ್ರ ಆಮೇಲೆ ಸಭೆಗೆ ಬರಲಿಲ್ಲ.

ಮೂರು ತಿಂಗಳಾದ ಮೇಲೆ ನನ್ನ ಮೊಣಕಾಲು ಕೈಕೊಟ್ಟಿತು. ಎಂಟು ವಾರ ಓಡಬೇಡಿ ಅಂದರು ಡಾಕ್ಟರ್. ಮೊದಲ ವಾರದಿಂದಲೇ ಮನೆಯಲ್ಲಿ ಎಲ್ಲರ ಮೇಲೂ ರೇಗಾಟ ಶುರು. ಊಟ ಸೇರಲ್ಲ, ನಿದ್ದೆ ಬರಲ್ಲ, ಮಗಳು ಹೋಮ್‌ವರ್ಕ್ ತಂದರೆ ಬೈಯೋದು. ಒಂದು ರಾತ್ರಿ ನನ್ನ ಹೆಂಡತಿ ತಟ್ಟೆ ತೆಗೀತಾ ಮೆಲ್ಲಗೆ ಹೇಳಿದಳು: "ರೀ, ನಿಮ್ಮಪ್ಪಂಗೆ ಪ್ಯಾಕೆಟ್ ಸಿಗದ ದಿನ ಮನೆ ಹೀಗೇ ಇರ್ತಿತ್ತು ಅಂತ ನೀವೇ ಹೇಳಿದ್ರಲ್ಲ."

ಪ್ಯಾಕೆಟ್ ಅಂದ್ರೇನು ಅಂತ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಗೋವರೆಗೆ ಪ್ಲಾಸ್ಟಿಕ್ ಪ್ಯಾಕೆಟ್‌ಗಳಲ್ಲಿ ಸಾರಾಯಿ ಮಾರ್ತಿದ್ರು. ನಮ್ಮಪ್ಪ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರ್ತಿದ್ರು. ಸಂಜೆ ಆದರೆ ಪ್ಯಾಕೆಟ್‌ನ ಮೂಲೆ ಹಲ್ಲಲ್ಲಿ ಕಚ್ಚಿ ಹರಿದು ಬಾಯಿಗೆ ಸುರ್ಕೊಳ್ತಿದ್ರು. 1999ರಲ್ಲಿ ಲಿವರ್ ಹಾಳಾಗಿ ತೀರಿಕೊಂಡರು. ಆಗ ನನಗೆ ಹದಿನಾಲ್ಕು ವರ್ಷ. ಅಪ್ಪನ ಹಾಗೆ ಆಗಬಾರದು ಅಂತ ನಾನು ಈವರೆಗೆ ಒಂದು ತೊಟ್ಟು ಮುಟ್ಟಿಲ್ಲ. ಆದರೂ ಆ ರಾತ್ರಿ ನನ್ನ ಹೆಂಡತಿಗೆ ನನ್ನಲ್ಲಿ ಅಪ್ಪನೇ ಕಂಡರು. ಆ ಮಾತಿಗೆ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ. ಇವತ್ತಿನ ಈ ಮೂರು ಮಾತು ಅಲ್ಲಿಂದ ಹುಟ್ಟಿದ್ದು.

ಮೊದಲನೇ ಮಾತು: ಫಿಟ್ ಆಗಿರೋದೂ ನೀತಿವಂತರಾಗಿರೋದೂ ಒಂದೇ ಅಲ್ಲ.

ವ್ಯಾಯಾಮ ಬೇಡ ಅಂತ ನಾನು ಹೇಳ್ತಿಲ್ಲ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರೋ ನಮಗೆ ಅದು ಬೇಕೇ ಬೇಕು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪೌಲನು ದೇಹಸಾಧನೆಯನ್ನು ತಳ್ಳಿಹಾಕಲ್ಲ, ಅದರಿಂದಲೂ ಸ್ವಲ್ಪ ಲಾಭ ಇದೆ ಅಂತಾನೆ. ಭಕ್ತಿಗೆ ಅದಕ್ಕಿಂತ ದೊಡ್ಡ ಜಾಗ ಕೊಡ್ತಾನೆ, ಅಷ್ಟೇ. ನಾವು ಆ ಜಾಗಗಳನ್ನು ಅದಲುಬದಲು ಮಾಡಿದ್ದೀವಿ. ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಸುತ್ತು ಹೊಡೆದು ಹತ್ತು ಸಾವಿರ ಹೆಜ್ಜೆ ಪೂರೈಸ್ತೀವಿ. ಆ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರಿನಿಂದ. ಬಿಎಂಐ? 1830ರ ದಶಕದಲ್ಲಿ ಕ್ವೆಟೆಲೆ ಅನ್ನೋ ಬೆಲ್ಜಿಯಂ ದೇಶದ ಗಣಿತಜ್ಞ ಜನಸಮೂಹದ ಸರಾಸರಿ ಹೇಗಿದೆ ಅಂತ ತಿಳಿಯೋಕೆ ಮಾಡಿದ ಲೆಕ್ಕ ಅದು. ಒಬ್ಬೊಬ್ಬರ ಆರೋಗ್ಯಕ್ಕೆ ಮಾರ್ಕ್ಸ್ ಕೊಡೋಕೆ ಮಾಡಿದ್ದಲ್ಲ. ನಡೀರಿ, ತೂಕ ನೋಡ್ಕೊಳ್ಳಿ, ಡಾಕ್ಟರ್ ಹೇಳಿದ್ದು ಕೇಳಿ. ಆದರೆ ಈ ಅಂಕಿಗಳೇನು ಸೀನಾಯಿ ಬೆಟ್ಟದಿಂದ ಇಳಿದು ಬಂದವಲ್ಲ.

ನಮ್ಮ ಸಭೆಯ ಒಬ್ಬ ಸಹೋದರಿ ಥೈರಾಯ್ಡ್‌ಗೆ ಮಾತ್ರೆ ತಗೊಳ್ತಾಳೆ. ಪ್ರತಿ ಭಾನುವಾರ ಬಾಗಿಲಲ್ಲಿ ಯಾರಾದರೂ, "ಇನ್ನೂ ದಪ್ಪ ಆಗಿದ್ದೀಯಲ್ಲಮ್ಮ, ವಾಕಿಂಗ್ ಮಾಡು" ಅಂತಾರೆ. ಈಗ ಅವಳು ಕೊನೆಯ ಪ್ರಾರ್ಥನೆಗೆ ಮುಂಚೆಯೇ ಎದ್ದು ಹೋಗಿಬಿಡ್ತಾಳೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು, ಎರಡು ಬಸ್ ಬದಲಾಯಿಸಿ ಮನೆಗೆ ಹೋಗಿ ಅಡುಗೆ ಮಾಡೋ ತಾಯಿಗೆ ನಾನು ಬೆಳಗಿನ ಓಟದ ಬಗ್ಗೆ ಯಾವ ಬಾಯಲ್ಲಿ ಹೇಳಲಿ? ಆರೋಗ್ಯ ಅನ್ನೋದರಲ್ಲಿ ನಮ್ಮ ಶ್ರಮ ಸ್ವಲ್ಪ ಇದೆ. ಹುಟ್ಟು, ಸಂಬಳ, ಸಮಯ, ಮನೆ ಇರೋ ಜಾಗ, ಇವುಗಳ ಪಾಲು ಬಹಳ ಇದೆ. ಸಿಕ್ಕಿದ್ದಕ್ಕೆ ಸ್ತೋತ್ರ ಹೇಳಬೇಕು, ಸಿಗದವರ ಮೇಲೆ ತೀರ್ಪು ಕೊಡಬಾರದು. ಲೂಕನ ಸುವಾರ್ತೆಯಲ್ಲಿ ದೇವಾಲಯಕ್ಕೆ ಹೋದ ಫರಿಸಾಯ ವಾರಕ್ಕೆರಡು ಉಪವಾಸದ ಲೆಕ್ಕ ಒಪ್ಪಿಸಿದ. ಇವತ್ತಾಗಿದ್ರೆ ಅವನ ಫೋನ್‌ನಲ್ಲಿ ಫಾಸ್ಟಿಂಗ್ ಆ್ಯಪ್ ಇರ್ತಿತ್ತು. ನನ್ನ ಫೋನ್‌ನಲ್ಲಂತೂ ಇತ್ತು.

ಎರಡನೇ ಮಾತು: ಬಿಯರ್ ಔಷಧಿ ಅಲ್ಲ. ಅದನ್ನು ಇಷ್ಟಪಡೋದೇ ಪಾಪ ಅಂತಲೂ ಅಲ್ಲ.

ಮೊದಲು ಕುಡಿಯೋರಿಗೆ ಹೇಳ್ತೀನಿ. ದಯವಿಟ್ಟು ಸುಳ್ಳು ಹೇಳಬೇಡಿ. "ಕಿಡ್ನಿ ಸ್ಟೋನ್‌ಗೆ ಒಳ್ಳೇದು, ಪಾಸ್ಟರ್", "ಬಾರ್ಲಿ ತಾನೆ, ಪಾಸ್ಟರ್" ಅಂತ ನನ್ನ ಹತ್ತಿರ ಬರಬೇಡಿ. ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲೇ. ಮದ್ಯಕ್ಕೆ ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಸ್ವಲ್ಪ ಕುಡಿಯೋರ ಹೃದಯ ಗಟ್ಟಿ ಅಂತ ತೋರಿಸಿದ ಹಳೆಯ ಅಧ್ಯಯನಗಳಲ್ಲಿ ಒಂದು ತೊಡಕಿತ್ತು. ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ ಎಷ್ಟೋ ಕಡೆ "ಕುಡಿಯದವರು" ಅಂತ ಎಣಿಸಿದ್ದರು. ಹಾಗೆ ಎಣಿಸಿದರೆ ಕುಡಿಯೋರೇ ಆರೋಗ್ಯವಂತರಾಗಿ ಕಾಣ್ತಾರೆ, ಅಲ್ವಾ? ಇನ್ನು "ಒಂದೇ ಬಾಟಲ್" ಲೆಕ್ಕ. 5 ಪರ್ಸೆಂಟ್‌ನ 330 ಎಂಎಲ್ ಬಿಯರ್‌ನಲ್ಲಿ ಸುಮಾರು 13 ಗ್ರಾಂ ಮದ್ಯಸಾರ ಇರುತ್ತೆ. 8 ಪರ್ಸೆಂಟ್‌ನ 650 ಎಂಎಲ್ ಸ್ಟ್ರಾಂಗ್ ಬಾಟಲ್‌ನಲ್ಲಿ ಸುಮಾರು 41 ಗ್ರಾಂ. ಮದ್ಯಸಾರ ಒಂದರಿಂದಲೇ 280 ಕ್ಯಾಲೊರಿಗಿಂತ ಹೆಚ್ಚು. ಎರಡಕ್ಕೂ "ಒಂದು ಬಿಯರ್" ಅಂತಲೇ ಹೆಸರು. ಪೌಲನು ತಿಮೊಥೆಯನಿಗೆ ಸ್ವಲ್ಪ ದ್ರಾಕ್ಷಾರಸದ ಸಲಹೆ ಕೊಟ್ಟದ್ದು ಅವನ ಹೊಟ್ಟೆಯ ತೊಂದರೆಗೆ. ನಿಮ್ಮ ಶುಕ್ರವಾರದ ಪಾರ್ಟಿಗೆ ಅದನ್ನು ಎಳೆದು ತರಬೇಡಿ.

ಈಗ ಹಿರಿಯರಿಗೆ. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳಿದ್ದವು. ಇವತ್ತಿನ ಲೆಕ್ಕದಲ್ಲಿ ಸುಮಾರು 450ರಿಂದ 700 ಲೀಟರ್. ಅದು ಯಾರ ಹೊಟ್ಟೆನೋವಿಗೂ ಅಲ್ಲ, ಮದುವೆ ಮನೆಯ ಸಂತೋಷಕ್ಕೆ. ಮಾರ್ಟಿನ್ ಲೂಥರನ ಹೆಂಡತಿ ಕಾಥರೀನಾ ಮನೆಯಲ್ಲೇ ಬಿಯರ್ ತಯಾರಿಸ್ತಿದ್ದಳು. ಹಾಗಾಗಿ ಗ್ಲಾಸು ಕಂಡ ಕೂಡಲೇ ರಕ್ಷಣೆ ಹೋಯ್ತು ಅಂತ ಹೇಳೋ ಅಧಿಕಾರ ನಮಗಿಲ್ಲ. ಶಿವಾಜಿನಗರದ ಬಿರಿಯಾನಿ, ಮೇಲೊಂದು ಜಿಲೇಬಿ, ಇವೂ ಆರೋಗ್ಯಕ್ಕೆ ಅಂತ ತಿನ್ನೋದಲ್ಲ. ಆ ಫೋಟೊ ಯಾರೂ ಪಾಸ್ಟರ್‌ಗೆ ಕಳಿಸಲ್ಲ. ಹೊಟ್ಟೆಬಾಕತನದ ವಿರುದ್ಧ ನಾನು ಕೊನೆಯ ಸಲ ಪ್ರಸಂಗ ಮಾಡಿದ್ದು ಯಾವಾಗ? ನೆನಪಿಲ್ಲ. ಒಂದು ರುಚಿಯನ್ನು ರುಚಿ ಅಂತಲೇ ಇಷ್ಟಪಡಬಹುದು. ಅದಕ್ಕೆ ಏನು ಬೆಲೆ ಕೊಡ್ತಿದ್ದೀವಿ ಅಂತ ಗೊತ್ತಿರಬೇಕು.

ಆದರೆ ಯೌವನಸ್ಥರೇ, ನಮ್ಮ ಸಭೆಗಳಲ್ಲಿ ಮದ್ಯ ಬೇಡ ಅನ್ನೋ ನಿಯಮವನ್ನು ನೋಡಿ ನಗಬೇಡಿ. ಅದಕ್ಕೆ ಹಿನ್ನೆಲೆ ಇದೆ. ಮೆಥೊಡಿಸ್ಟ್ ಸಭೆಯ ಥಾಮಸ್ ವೆಲ್ಚ್ ಅನ್ನೋ ಅಮೆರಿಕದ ದಂತವೈದ್ಯ 1869ರಲ್ಲಿ ಹುಳಿಯದ ದ್ರಾಕ್ಷಿರಸ ಮಾಡಿದ್ದು ಕರ್ತನ ಭೋಜನಕ್ಕಾಗಿಯೇ. ಕುಡಿತದಿಂದ ಮನೆಗಳು ಮುರಿಯೋದನ್ನು ಕಂಡ ಕಾಲ ಅದು. ನಮ್ಮ ಕಡೆ ಈ ನಿಯಮ ಹಿಡಿದು ನಿಂತದ್ದು ನನ್ನ ಅಮ್ಮನಂಥವರು. ಗಂಡನ ಕೂಲಿ ಮನೆಗೆ ಬರೋ ಮುಂಚೆ ಸಾರಾಯಿ ಅಂಗಡಿಗೆ ಹೋಗೋದನ್ನು ನೋಡಿದವರು ಅವರು. ಅವರ ಪಾಲಿಗೆ "ಬೇಡ" ಅನ್ನೋ ಪದವೇ ರಕ್ಷಣೆಯ ಗೋಡೆ. ಆ ಗೋಡೆಗೆ ನಾನು ಕಲ್ಲು ಹೊಡೆಯಲ್ಲ.

ಮೂರನೇ ಮಾತು, ನನಗೆ ಕಷ್ಟ ಆಗೋದು: ನಾನು ಕುಡಿಯದೇ ಇರೋದು ನನ್ನ ಹೆಗ್ಗಳಿಕೆ ಅಲ್ಲ.

ಹೆಂಡತಿ ಆ ಮಾತು ಹೇಳಿದ ವಾರವೇ ನಾನು ಕುಂಟುತ್ತಾ ಆ ಸಹೋದರನನ್ನು ಹುಡುಕಿಕೊಂಡು ಹೋದೆ. ಅವನ ರೂಮಿನ ಹತ್ತಿರದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದ್ವಿ. "ಕ್ಷಮಿಸು, ಆವತ್ತು ನಿನ್ನ ಮಾತು ಕೇಳಬೇಕಿತ್ತು" ಅಂದೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಆವತ್ತು ಒಂದು ಗ್ಲಾಸ್ ಕುಡಿದೆ ಅಣ್ಣಾ. ಇಷ್ಟ ಆಯ್ತು. ಅದು ಸರೀನಾ ತಪ್ಪಾ ಅಂತ ನಿಮ್ಮನ್ನೇ ಕೇಳೋಣ ಅಂದ್ಕೊಂಡಿದ್ದೆ. ಈಗ ವಾರಕ್ಕೆ ನಾಲ್ಕು ದಿನ ಆಗಿದೆ. ರೂಮಲ್ಲಿ ಒಬ್ಬನೇ. ಯಾರಿಗೆ ಹೇಳಲಿ?"

ಪ್ರಿಯರೇ, ಅವನ ಕುಡಿತಕ್ಕೆ ನಾನೇ ಕಾರಣ ಅಂತ ಹೇಳಲ್ಲ. ಅವನೂ ಹಾಗೆ ಹೇಳಲಿಲ್ಲ. ಆದರೆ ಅವನು ಹೇಳಿಕೊಳ್ಳಬಹುದಾಗಿದ್ದ ಒಂದು ಬಾಗಿಲನ್ನು ನಾನು ಮುಚ್ಚಿದ್ದೆ. ಅಪ್ಪನ ಪ್ಯಾಕೆಟ್‌ನ ಸಿಟ್ಟನ್ನು ಇವನ ಗ್ಲಾಸಿನ ಮೇಲೆ ತೀರಿಸಿಕೊಂಡು, ಅದಕ್ಕೆ ಪರಿಶುದ್ಧತೆ ಅಂತ ಹೆಸರಿಟ್ಟಿದ್ದೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯವನ್ನು ಮನೆಗೆ ಹೋಗಿ ಪೂರ್ತಿ ಓದಿ. ತಿನ್ನೋನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನೋನಿಗೆ ತೀರ್ಪು ಮಾಡಬಾರದು ಅನ್ನೋದು ಅಲ್ಲಿನ ವಾದ. ನಾವು ಹಿರಿಯರು ಸಹೋದರನನ್ನು ಎಡವಿಸಬಾರದು ಅನ್ನೋ ಭಾಗ ಓದ್ತೀವಿ. ನೀವು ಸ್ವಾತಂತ್ರ್ಯದ ಭಾಗ ಓದ್ತೀರಿ. ಎರಡೂ ಒಂದೇ ಪುಟದಲ್ಲಿವೆ.

ಹಾಗಾದರೆ ಏನು ಮಾಡೋದು? ಆಫೀಸ್ ಪಾರ್ಟಿಗೆ ಹೋಗೋ ಮುಂಚೆ ನಿಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ನಾನು ಬಿಡಬಲ್ಲೆನಾ? ಇದನ್ನು ಅಮ್ಮನ ಮುಂದೆ, ಸಭೆಯ ಮುಂದೆ ಮುಚ್ಚಿಡದೆ ಹೇಳಬಲ್ಲೆನಾ? ನನ್ನ ಪಕ್ಕದಲ್ಲಿ ಯಾರು ಕೂತಿದ್ದಾರೆ? ಇದೇ ಹಾಲ್‌ನಲ್ಲಿ ಕುಡಿತ ಬಿಟ್ಟ ದಿನಗಳನ್ನು ಎಣಿಸ್ತಿರೋ ಸಹೋದರರಿದ್ದಾರೆ. ಅವರಿಗೆ "ಒಂದೇ ಒಂದು" ಅನ್ನೋದು ಇಲ್ಲವೇ ಇಲ್ಲ. ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕಾದವರಿಗೂ, ಗರ್ಭಿಣಿಯರಿಗೂ ಇಲ್ಲ. ದಿನಾ ಕುಡಿಯೋ ಅಭ್ಯಾಸ ಆಗಿದ್ದರೆ ಬರೀ ಕೈಯಿಡಿಸಿಕೊಂಡು ಪ್ರಾರ್ಥನೆ ಮಾಡಿಸಿ, ಒಂದೇ ದಿನಕ್ಕೆ ಬಿಟ್ಟುಬಿಡ್ತೀನಿ ಅನ್ನಬೇಡಿ. ತುಂಬಾ ಕುಡಿಯೋರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಚಿಕಿತ್ಸೆ ಇದೆ. ನಾನೂ ಜೊತೆಗೆ ಬರ್ತೀನಿ. ಪ್ರಾರ್ಥನೆಯನ್ನು ಆಟೋದಲ್ಲೇ ಮಾಡೋಣ.

"ಪಾಸ್ಟರ್ ಬಿಯರ್‌ಗೆ ಪರ್ಮಿಷನ್ ಕೊಟ್ರು" ಅಂತ ಯಾರೂ ಸ್ಟೇಟಸ್ ಹಾಕಬೇಡಿ. ನಾನು ಕೊಟ್ಟಿಲ್ಲ. ನಾನು ಕುಡಿಯಲ್ಲ, ವೇದಿಕೆಯ ಮೇಲೆ ಸೇವೆ ಮಾಡೋರು ಕುಡಿಯಬಾರದು ಅನ್ನೋ ನಮ್ಮ ಸಭೆಯ ನಿಯಮವೂ ಹಾಗೇ ಇರುತ್ತೆ. ಬದಲಾಗಿದ್ದು ಒಂದೇ: ಇನ್ನು ಮುಂದೆ ಯಾರಾದರೂ ಫೋಟೊ ಕಳಿಸಿದರೆ, ನಾನು ಫೋನ್ ಮಾಡಿ ಮೊದಲು "ಹೇಗಿದ್ದೀಯಪ್ಪಾ?" ಅಂತ ಕೇಳ್ತೀನಿ.

ಆ ಸಹೋದರ ಈಗ ಸಭೆಗೆ ಬರ್ತಾನೆ. ಕೀಬೋರ್ಡ್ ಇನ್ನೂ ಮುಟ್ಟಿಲ್ಲ. ಕೆಲವು ವಾರ ಚೆನ್ನಾಗಿರ್ತಾನೆ, ಕೆಲವು ವಾರ ಇಲ್ಲ. ಬುಧವಾರ ಬೆಳಿಗ್ಗೆ ನಾವಿಬ್ಬರೂ ಕಬ್ಬನ್ ಪಾರ್ಕಿನಲ್ಲಿ ನಡೀತೀವಿ. ನನ್ನ ಮೊಣಕಾಲಿಗೆ ಅಷ್ಟೇ ಆಗೋದು. ವಾಚು ಮನೆಯಲ್ಲೇ ಬಿಟ್ಟು ಹೋಗ್ತೀನಿ.

ಎಲ್ಲರೂ ತಲೆಬಾಗಿಸಿ. ತಂದೆಯೇ, ನಿನ್ನ ವರಗಳನ್ನು ಸಂತೋಷದಿಂದ ಅನುಭವಿಸೋಕೆ ಕಲಿಸು, ಯಾವುದಕ್ಕೂ ದಾಸರಾಗದ ಹಾಗೆ ಕಾಪಾಡು. ನಮ್ಮ ಪಕ್ಕದಲ್ಲಿ ಕೂತವರ ಮಾತನ್ನು ಕೇಳೋ ಕಿವಿ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.