ಮೊತ್ತ ಹೇಳದೆ ಬಿಟ್ಟದ್ದು

2022ರ ಕೊನೆಯಲ್ಲಿ, ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಾಗ, ಒಂದೇ ವಿದ್ಯಾರ್ಥಿವೇತನಕ್ಕೆ ಎರಡು ಅರ್ಜಿ ನನ್ನ ಮೇಜಿಗೆ ಬಂದವು. ಒಬ್ಬ ಹೊಳಲ್ಕೆರೆಯ ಹುಡುಗ, ಇನ್ನೊಬ್ಬಳು ಹೊಸದುರ್ಗ ತಾಲ್ಲೂಕಿನ ಹುಡುಗಿ. ಇಬ್ಬರ ಒಟ್ಟು ಅಂಕವೂ ಒಂದೇ. ಗಣಿತದಲ್ಲಿ ಹೆಚ್ಚು ತೆಗೆದವರಿಗೆ ಕೊಡಿ ಅನ್ನುವ ನಿಯಮವಿತ್ತು. ಹುಡುಗನ ಅರ್ಜಿಗೆ ಸಹಿ ಹಾಕಿದೆ. ಮಾರನೇ ದಿನ ಹುಡುಗಿ ಬಂದು, "ಸರ್, ಒಂದ್ಸಲ ಕರೆದು ಕೇಳ್ಬಹುದಿತ್ತು" ಅಂದು ಹೋದಳು, ಅಷ್ಟೇ.

ಆಗ ನಾನು ರಾತ್ರಿ ಹೊತ್ತು ಓದುತ್ತಿದ್ದದ್ದು ಕ್ವಾಂಟಂ ಕ್ಷೇತ್ರ ಸಿದ್ಧಾಂತದ 'ಟ್ರೇಸ್' ಬಗ್ಗೆ. ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ ಓದಿದ್ದೀರಲ್ಲ, ಆ ಸಂಖ್ಯೆಗಳ ಚೌಕದಲ್ಲಿ ಎಡ ಮೇಲಿನ ಮೂಲೆಯಿಂದ ಬಲ ಕೆಳಮೂಲೆಯವರೆಗೆ ಕರ್ಣದ ಮೇಲಿರುವ ಸಂಖ್ಯೆಗಳನ್ನಷ್ಟೇ ಕೂಡಿದರೆ ಟ್ರೇಸ್. ಅಕ್ಷಗಳನ್ನು ಹೇಗೆ ತಿರುಗಿಸಿದರೂ ಒಳಗಿನ ಸಂಖ್ಯೆಗಳು ಬದಲಾಗುತ್ತವೆ, ಈ ಮೊತ್ತ ಬದಲಾಗಲ್ಲ. ನೋಡುವವರ ಮರ್ಜಿಗೆ ಬಗ್ಗದ ಸಂಖ್ಯೆ. ನ್ಯಾಯ ಅಂದ್ರೆ ಇದೇ ಅಲ್ವಾ ಅನ್ನಿಸುತ್ತೆ.

ಕ್ಷೇತ್ರ ಸಿದ್ಧಾಂತದಲ್ಲಿ ಕಂಪನಗಳು ಲೆಕ್ಕವಿಲ್ಲದಷ್ಟು. ಸುಮ್ಮನೆ ಕೂಡಿದರೆ ಮೊತ್ತ ಅನಂತ. ಅದಕ್ಕೊಂದು ಉಪಾಯ: ಆವರ್ತ ಹೆಚ್ಚಿದಷ್ಟೂ ಕಡಿಮೆ ತೂಕ ಕೊಟ್ಟು ಕೂಡುವುದು, ಆಮೇಲೆ ಆ ಕಟ್ಟನ್ನು ನಿಧಾನಕ್ಕೆ ಸಡಿಲಿಸಿ ಏನು ಉಳಿಯುತ್ತದೆ ನೋಡುವುದು. ಈ ತೂಕಗಳು ಬಿಸಿ ಹರಡುವ ಸಮೀಕರಣದಿಂದ ಬರುವುದರಿಂದ ಇದರ ಹೆಸರು 'ಹೀಟ್ ಕರ್ನಲ್'. 1951ರಲ್ಲಿ ಷ್ವಿಂಗರ್ ಈ ದಾರಿ ಹಿಡಿದರು. 1977ರಲ್ಲಿ ಹಾಕಿಂಗ್, ಇದರ ನೆಂಟನಾದ ಝೀಟಾ ವಿಧಾನವನ್ನು ಬಾಗಿದ ದೇಶ-ಕಾಲದ ಲೆಕ್ಕಕ್ಕೆ ಬಳಸಿದರು.

ನಮ್ಮ ಕಡೆ ಜಾತ್ರೆಯಲ್ಲಿ ಬಾರಿಸುವ ಉರುಮೆಯನ್ನು ನೆನೆಸಿಕೊಳ್ಳಿ. ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳಿ ಚರ್ಮದ ಆಕಾರ ಹೇಳಬಹುದಾ? 1966ರಲ್ಲಿ ಮಾರ್ಕ್ ಕಾಟ್ಸ್ ಅನ್ನುವ ಗಣಿತಜ್ಞ ಕೇಳಿದ ಪ್ರಶ್ನೆ ಇದು. ಎಲ್ಲ ಕಂಪನಗಳನ್ನು ಹೀಟ್ ಕರ್ನಲ್ ರೀತಿ ಕೂಡಿದರೆ ಚರ್ಮದ ವಿಸ್ತೀರ್ಣ ಸಿಗುತ್ತದೆ, ಅಂಚಿನ ಉದ್ದ ಸಿಗುತ್ತದೆ. ಆದರೆ ಆಕಾರ? 1992ರಲ್ಲಿ ಗಾರ್ಡನ್, ವೆಬ್, ವೋಲ್ಪರ್ಟ್ ಎಂಬ ಮೂವರು, ಆಕಾರ ಬೇರೆಬೇರೆಯಾದರೂ ಎಲ್ಲ ಕಂಪನಗಳೂ ಒಂದೇ ಆಗಿರುವ ಎರಡು ಡ್ರಮ್‌ಗಳನ್ನು ತೋರಿಸಿದರು. ಮೊತ್ತ ಸುಳ್ಳು ಹೇಳಲಿಲ್ಲ. ಎಲ್ಲವನ್ನೂ ಹೇಳಲಿಲ್ಲ, ಅಷ್ಟೇ.

ಆ ಹುಡುಗಿಯ ವಿಷಯ ನನಗೆ ಗೊತ್ತಾದದ್ದು ತಡವಾಗಿ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. "ಎಷ್ಟು ಅಡಿ ಆಯ್ತು?" ಅಂತ ಜಿಲ್ಲೆಯೆಲ್ಲ ಕೇಳುತ್ತಿತ್ತು. ನೂರಾ ಮೂವತ್ತು! ಹಿರಿಯೂರಿಗೆ ಅದು ಹಬ್ಬ. ಅದೇ ನೂರಾ ಮೂವತ್ತು ಅಡಿಯ ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟಗಳಿಗೆ ನುಗ್ಗಿತ್ತು. ಅವಳ ಅಪ್ಪನ ತೋಟ ನೀರಲ್ಲಿ ನಿಂತಿದ್ದಾಗ ಅವಳು ಪರೀಕ್ಷೆಗೆ ಓದಿದ್ದಳು.

ಹಾಗಂತ ಅಂಕ ಬೇಡ, ಮುಖ ನೋಡಿ ಕೊಡಿ ಅನ್ನಲಾರೆ. ಮುಖ ನೋಡಿದರೆ ಜಾತಿ, ಪರಿಚಯ, ಶಿಫಾರಸು ಎಲ್ಲ ಒಳಗೆ ಬರುತ್ತವೆ. ಅವನ್ನು ಹೊರಗಿಡೋಕೇ ಮೊತ್ತ ಇರೋದು. ಹುಡುಗನೂ ಅರ್ಹನೇ. ನನ್ನ ತಪ್ಪು ಇರುವುದು ಬೇರೆ ಕಡೆ. ಮೊತ್ತ ಒಂದೇ ಬಂತು ಅಂದರೆ, "ನನ್ನ ಕೆಲಸ ಮುಗೀತು, ಇನ್ನು ನೀನು ಎದ್ದು ಹೋಗಿ ನೋಡು" ಅಂತ ಅದು ಹೇಳಿದಂತೆ. ನಾನು ಏಳಲಿಲ್ಲ. ಇನ್ನೊಂದು ಸಂಖ್ಯೆ ಹುಡುಕಿ ಸಹಿ ಹಾಕಿದೆ.

ಈಗ ಅಂಕ ಸಮ ಬಂದರೆ ಇಬ್ಬರನ್ನೂ ಕರೆದು ಕೂರಿಸಿ ಕೇಳುತ್ತೇನೆ. ನಿರ್ಧಾರ ಒಮ್ಮೊಮ್ಮೆ ಅದೇ ಆಗಿರುತ್ತದೆ. ಆದರೆ ಕೇಳಿರುತ್ತೇನೆ.